ಉದ್ದದ ಪದಕ್ಕೆ ಮೊದಲ ಪಂಕ್ತಿ

ಕರಿಹಲಗೆ ನಡುಮನೆಯ ಯಾವ ಗೋಡೆಯ ಮೇಲಿತ್ತು ಎಂದು ನಾನು ಖಚಿತವಾಗಿ ಹೇಳಲಾರೆ. ದೇವರ ಕೋಣೆಯ ಬಾಗಿಲಿನ ಪಕ್ಕ ಎಂದು ಬಹಳ ವರ್ಷ ನಂಬಿದ್ದೆ. ಆದರೆ ಆ ಗೋಡೆಯಲ್ಲಿ ದೀಪದ ಗೂಡು ಇತ್ತೆಂದು ಅಣ್ಣಯ್ಯ ಹೇಳುತ್ತಾನೆ. ಗೂಡು ಇದ್ದ ಗೋಡೆಗೆ ಅಪ್ಪ ಹಲಗೆ ಹೊಡೆದಿರಲಾರರು. ಅಜ್ಜಂಪುರದಲ್ಲಿ ಆಗ ಹೈಸ್ಕೂಲು ಇರಲಿಲ್ಲವೆಂದು ನನ್ನ ನೆನಪು. ಇತ್ತು, ನಿಮ್ಮಪ್ಪನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ ಅಷ್ಟೇ, ಎನ್ನುವವರೂ ಇದ್ದಾರೆ. ನಾನು ದಿನಚರಿ ಬರೆಯಲು ತೊಡಗಿದ್ದು ಮೈಸೂರಿನಲ್ಲಿ ಓದುವಾಗ. ಅದಕ್ಕೆ ಹಿಂದಿನದಕ್ಕೆಲ್ಲ ನನ್ನ ತಲೆಯೊಂದೇ ಸಾಕ್ಷಿ, ಆ ಸಾಕ್ಷಿ ಹಲವು ಸಲ ಮಾತು ಬದಲಿಸಿದೆ. ಆದ್ದರಿಂದ ಯಾವ ಗೋಡೆ, ಯಾವ ವಾರ, ಯಾರು ಎಲ್ಲಿ ಕೂತಿದ್ದರು ಎಂಬಂಥ ವಿಷಯಗಳು ಇಲ್ಲಿ ತಪ್ಪಿರಬಹುದು. ಆ ಸಂಜೆ ಹಲಗೆಯ ಮೇಲಿದ್ದ ಅಕ್ಷರಗಳ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಅನುಮಾನವಿರುವುದು ಮನೆಯವರ ಬಗ್ಗೆ.

ಅಪ್ಪ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ತರೀಕೆರೆಯಿಂದ ವರ್ಗವಾಗಿ ಅಜ್ಜಂಪುರಕ್ಕೆ ಬಂದಾಗ ನಾವು ಬಾಡಿಗೆಗೆ ಹಿಡಿದದ್ದು ಪೇಟೆಬೀದಿಯ ಒಂದು ಉದ್ದ ಮನೆ. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು ಎಲ್ಲವೂ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಮುಂಬಾಗಿಲಲ್ಲಿ ನಿಂತರೆ ಹಿತ್ತಲಿನ ಬೆಳಕು ಕಾಣುತ್ತಿತ್ತು. ಪಕ್ಕದ ಕಟ್ಟಡ ಈರುಳ್ಳಿ ವ್ಯಾಪಾರಿಯ ದಾಸ್ತಾನು. ಸುಗ್ಗಿಯ ಕಾಲದಲ್ಲಿ ನಮ್ಮ ಹಾಸಿಗೆ, ಬಟ್ಟೆ, ಪಾಠದ ಪುಸ್ತಕ ಎಲ್ಲಕ್ಕೂ ಈರುಳ್ಳಿಯ ವಾಸನೆ ಹಿಡಿಯುತ್ತಿತ್ತು. ಒಂದು ಕಡೆ ಪಿಸುಗುಟ್ಟಿದರೆ ಇನ್ನೊಂದು ಕಡೆ ಕೇಳುವ ಅಂಥ ಮನೆಯಲ್ಲಿ ಗುಟ್ಟು ಉಳಿಯುವುದು ಕಷ್ಟ. ಅದಕ್ಕೇ ಇರಬೇಕು, ನಮ್ಮಲ್ಲಿ ಪ್ರತಿಯೊಬ್ಬರೂ ಏನನ್ನಾದರೂ ಬಚ್ಚಿಡುತ್ತಿದ್ದರು. ಅಮ್ಮ ಬೆಲ್ಲವನ್ನು ಅಕ್ಕಿಯ ಡಬ್ಬದೊಳಗೆ ಹುಗಿಯುತ್ತಿದ್ದಳು. ಅಪ್ಪ ಡಿಕ್ಷನರಿಯನ್ನು ನಡುಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ತರೀಕೆರೆಯಲ್ಲಿ ಯಾರೋ ಅಧಿಕಾರಿ ಊರು ಬಿಡುವಾಗ ಮಾರಿದ ಸಾಮಾನಿನಲ್ಲಿ ಕೊಂಡ ಡಿಕ್ಷನರಿ ಅದು. ಓದಿ ಕೊಡುತ್ತೇನೆಂದು ಒಯ್ದವರು ಅಪ್ಪನ ಎಷ್ಟೋ ಪುಸ್ತಕಗಳನ್ನು ಹಿಂದಿರುಗಿಸಿರಲಿಲ್ಲ. ಹಾಗಾಗಿ ಅವರ ಅನುಮಾನ ಹೊರಗಿನವರಿಂದ ಶುರುವಾಗಿ ಕ್ರಮೇಣ ಮನೆಯೊಳಕ್ಕೂ ಬಂದಿತ್ತು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಹಲಗೆಯ ಮೇಲೆ ಎರಡೋ ಮೂರೋ ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದರು. ಆ ಅಕ್ಷರಗಳೆಲ್ಲ ಇರುವ ಒಂದು ಪದವನ್ನು ನಾನೂ ಅಣ್ಣಯ್ಯನೂ ಹುಡುಕಬೇಕು. ಅಕ್ಷರಗಳು ಯಾವ ಕ್ರಮದಲ್ಲಿ ಬಂದರೂ ಸರಿ, ನಡುವೆ ಬೇರೆ ಎಷ್ಟು ಸೇರಿದರೂ ಸರಿ, ಪದ ಉದ್ದವಿದ್ದಷ್ಟೂ ಒಳ್ಳೆಯದು. ಉದ್ದದ ಪದ ಯಾರದೋ ಅವರಿಗೆ ರಾತ್ರಿಯ ಊಟಕ್ಕೆ ಅಪ್ಪನ ಪಕ್ಕ, ಮೊದಲ ಪಂಕ್ತಿಯಲ್ಲಿ ಮಣೆ. ಸೋತವರು ಅಮ್ಮನ ಜೊತೆ ಎರಡನೆಯ ಪಂಕ್ತಿಗೆ ಕಾಯಬೇಕು. ಎರಡನೆಯ ಪಂಕ್ತಿಯ ಹೊತ್ತಿಗೆ ಹುಳಿಯಲ್ಲಿ ಹೋಳು ಇರುತ್ತಿರಲಿಲ್ಲ, ಹಪ್ಪಳದ ಚೂರು ಮಾತ್ರ ಉಳಿದಿರುತ್ತಿತ್ತು. ನಾವಿಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು, ಸ್ಲೇಟನ್ನು ಎದೆಗೆ ಅವಚಿಕೊಂಡು ಕೂರುತ್ತಿದ್ದೆವು. ನಾನು ಪದವನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇರಲಿಲ್ಲ. ನನ್ನ ಬೆನ್ನು ಅಲುಗುವುದರಿಂದಲೇ ಅಣ್ಣಯ್ಯ ಅಕ್ಷರ ಎಣಿಸುತ್ತಾನೆ ಎಂಬ ಸಂಶಯ ನನಗಿತ್ತು.

ಅಣ್ಣಯ್ಯ ನನಗಿಂತ ದೊಡ್ಡವನು. ವಿಷಮಶೀತ ಜ್ವರದಲ್ಲಿ ಅವನ ಒಂದು ವರ್ಷ ಹೋಗಿ, ಇಬ್ಬರೂ ಒಂದೇ ಕ್ಲಾಸಿಗೆ ಬಂದಿದ್ದೆವು. ಅಪ್ಪ ಡಿಕ್ಷನರಿ ಹೊರಗೆ ತೆಗೆದಾಗಲೆಲ್ಲ ಅವನು ಅದರ ಮೇಲೆ ಬಗ್ಗಿಕೊಂಡಿರುತ್ತಿದ್ದ. ಅರ್ಥ ನೋಡದೆ ಉದ್ದ ನೋಡಿ ಪದಗಳನ್ನು ಕಂಠಪಾಠ ಮಾಡುತ್ತಿದ್ದ. ನಾನು ನನ್ನ ಪದಗಳನ್ನು ಬೇರೆ ಕಡೆ ಹುಡುಕುತ್ತಿದ್ದೆ. ಕೆಮ್ಮಿನ ಔಷಧಿಯ ಸೀಸೆಯ ಮೇಲಿದ್ದ ಎಕ್ಸ್‌ಪೆಕ್ಟೊರೆಂಟ್ ನನಗೆ ಒಂದು ಸಂಜೆ ಹಪ್ಪಳ ಕೊಡಿಸಿತು. ರಿಜಿಸ್ಟರ್ ಕಾಗದದ ಜೊತೆ ಅಂಚೆಯವನು ಸಹಿ ಮಾಡಿಸುವ ಚೀಟಿಯಿಂದ ಅಕ್ನಾಲೆಡ್ಜ್‌ಮೆಂಟ್ ಎಂಬುದು ಸಿಕ್ಕಿತು. ಇನ್ನೊಂದು, ಬಸಪ್ಪಣ್ಣನಿಂದ. ಆತ ಹತ್ತಿರದ ಹಳ್ಳಿಯ ರೈತ, ದಾಯಾದಿಗಳ ಜೊತೆ ಹೊಲದ ಬದುವಿಗಾಗಿ ಚಿಕ್ಕಮಗಳೂರಿನ ಕೋರ್ಟಿಗೆ ಅಲೆಯುತ್ತಿದ್ದವನು. ಇಂಗ್ಲಿಷ್ ಕಾಗದ ಓದಿಸಲು ಬಂದು ಜಗಲಿಯ ಮೇಲೆ ಟವೆಲ್ ಹಾಸಿ ಕೂರುತ್ತಿದ್ದ.

“ಏನಾಯ್ತು ಬಸಪ್ಪ?” ಎಂದು ಅಪ್ಪ ಕೇಳಿದರೆ ಅವನ ಉತ್ತರ ಒಂದೇ.

“ಏನಾಯ್ತದೆ ಮೇಷ್ಟ್ರೇ. ಅಡ್ಜರ್ನ್‌ಮೆಂಟ್ ಆಯ್ತು. ನಮ್ಮಪ್ಪ ನಂಗೆ ಹೊಲ ಬಿಟ್ಟೋದ, ನಾನು ನನ್ ಮಗಂಗೆ ಅಡ್ಜರ್ನ್‌ಮೆಂಟ್ ಬಿಟ್ಟೋಯ್ತೀನಿ.”

ಕೇಸು ಮುಂದಕ್ಕೆ ಹೋದದ್ದಕ್ಕೆ ಅಷ್ಟು ಸರಾಗವಾಗಿ ಆತ ಹೇಳುತ್ತಿದ್ದ ಪದವನ್ನು ಹೇಗೆ ಬರೆಯುವುದೆಂದು ನಾನು ಅಪ್ಪನನ್ನು ಕೇಳಿದ್ದೆ. ಅಪ್ಪ ನನ್ನ ಸ್ಲೇಟಿನ ಮೇಲೆ ಬರೆದು ತೋರಿಸಿದ್ದರು. ಅಂದರೆ ಆ ಪದ ನನ್ನ ಬಳಿ ಇದೆಯೆಂದು ಅಪ್ಪನಿಗೆ ಗೊತ್ತಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದರಲ್ಲಿ ನನ್ನ ನಿದ್ದೆ ಕೆಡಿಸುವುದು ಇದೇ.

ಮಿಡ್ಲ್ ಸ್ಕೂಲು ಮುಗಿದ ಬೇಸಿಗೆಯಲ್ಲಿ ಕಡೂರತ್ತೆ ಬಂದರು. ಅವರು ಅಪ್ಪನ ಅಕ್ಕ. ಗಂಡನಿಗೆ ಕಡೂರಿನಲ್ಲಿ ತೆಂಗಿನಕಾಯಿ ಮಂಡಿ, ದೊಡ್ಡ ಮನೆ, ಮಕ್ಕಳಿಲ್ಲ. ಕಾಲು ತೊಳೆದು ಒಳಗೆ ಬಂದವರು ಕಾಫಿ ಕೈಗೆ ಬರುವ ಮೊದಲೇ ಅಪ್ಪನಿಗೆ ಹೇಳಿದರು.

“ಒಂದು ಮಗೂನ ನನ್ ಜೊತೆ ಕಳ್ಸೋ. ಹೈಸ್ಕೂಲು ಮುಗ್ಯೋವರ್ಗೂ ನಮ್ಮನೇಲಿರ್ಲಿ. ಎರಡು ಅಂದ್ರೆ ನಿಮ್ ಭಾವ ಒಪ್ಪಲ್ಲ. ಒಂದಕ್ಕೆ ನಾನು ಒಪ್ಸಿದೀನಿ.”

ಅಪ್ಪನ ಸಂಬಳದಲ್ಲಿ ಇಬ್ಬರನ್ನು ಊರಾಚೆ ಓದಿಸುವುದು ಆಗದ ಮಾತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೋಗದೆ ಉಳಿದವರಿಗೆ ಏನು ಕಾದಿದೆ ಎಂಬುದೂ ಗೊತ್ತಿತ್ತು. ಅಣ್ಣಯ್ಯನಾದರೆ ತರೀಕೆರೆಯ ಪರಿಚಯದವರ ಗಿರಣಿಯಲ್ಲಿ ಕೆಲಸ. ನಾನಾದರೆ ಅಡುಗೆಮನೆ, ಆಮೇಲೆ ಮದುವೆ. ಆ ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಒರಗಿದ ಮೇಲೆ, ಅಡುಗೆಮನೆಯಲ್ಲಿ ಅಮ್ಮ ಅಪ್ಪನಿಗೆ ಹೇಳುತ್ತಿದ್ದುದು ನಡುಮನೆಯಲ್ಲಿದ್ದ ನಮ್ಮಿಬ್ಬರಿಗೂ ಕೇಳಿತು.

“ನಿಮ್ಮಕ್ಕಂಗೆ ಓದೋ ಮಗು ಬೇಕೋ ಕಾಯಿ ತುರಿಯೋ ಮಗು ಬೇಕೋ, ಮೊದ್ಲು ಕೇಳ್ರಿ.”

“ನಿನಗೆ ಎಲ್ಲಾದ್ರಲ್ಲೂ ಅನುಮಾನ ಕಣೇ.”

“ಹೂಂ, ನಂಗೇ ಅನುಮಾನ. ಬೀಗದ ಕೈ ಜನಿವಾರದಲ್ಲಿ ಕಟ್ಕೊಂಡು ಓಡಾಡ್ತಿರೋರು ಯಾರು? ಹುಡುಗ ಹೋಗ್ಲಿ ರೀ. ಇವಳು ಹೋದ್ರೆ ಅವರ ಮನೆ ಒಳಕಲ್ಲಿಗೆ ಒಂದು ಕೈ ಸಿಕ್ಕಂಗಾಗುತ್ತೆ.”

“ಇಬ್ರೂ ಒಂದೇ ಕ್ಲಾಸು. ನಾನು ಯಾರ ಹೆಸರೂ ಹೇಳಲ್ಲ. ಶನಿವಾರ ಹಲಗೆ ಹೇಳ್ಲಿ.”

ಬೇರೆ ಮನೆಗಳಲ್ಲಿ ಇಂಥ ಇಕ್ಕಟ್ಟು ಬಂದರೆ ದೇವರ ಮುಂದೆ ಕೂತು ಹೂ ಕೇಳುತ್ತಿದ್ದರು. ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಅಲ್ಲ. ಅಪ್ಪ ಹೂ ಕೇಳುವವರನ್ನು ನೋಡಿ ನಗುತ್ತಿದ್ದರು. ಒಣಗಿದ ಹೂ ತಾನೇ ಜಾರಿ ಬೀಳುತ್ತದೆ, ಒದ್ದೆ ಹೂ ಅಂಟಿಕೊಂಡಿರುತ್ತದೆ, ಪೂಜಾರಿಗೆ ಯಾವುದು ಎಲ್ಲಿ ಸಿಕ್ಕಿಸಬೇಕೆಂದು ಗೊತ್ತು ಎನ್ನುತ್ತಿದ್ದರು. ಹಲಗೆಯ ಮೇಲೆ ಅಕ್ಷರ ಬರೆಯುವವರಿಗೂ ಅದು ಗೊತ್ತಿರಬಹುದಲ್ಲವೇ ಎಂದು ಆಗ ಕೇಳಲು ನನಗೆ ತೋಚಲಿಲ್ಲ.

ಶನಿವಾರ ಅಪ್ಪನ ಎಣ್ಣೆಸ್ನಾನದ ದಿನ. ಬೆಳಗಿನ ಕಾಫಿಯಾದ ಮೇಲೆ ಅವರು ಸಂಜೆಗೆ ಬೇಕಾದ ಅಕ್ಷರಗಳನ್ನು ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಚೀಟಿಯ ಮೇಲೆ ಬರೆದು, ಮಡಿಸಿ, ಎಲ್ಲರ ಎದುರಿಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಯಾವತ್ತೂ ಹಾಗೆ ಮಾಡಿದವರಲ್ಲ. ಅತ್ತೆಗೆ ತಮ್ಮ ನಿಷ್ಪಕ್ಷಪಾತ ಕಾಣಲಿ ಎಂದಿರಬೇಕು. ಆಮೇಲೆ ಎಣ್ಣೆ ಹಚ್ಚಿಸಿಕೊಳ್ಳಲು ಬಚ್ಚಲಿಗೆ ಹೋದರು. ಬೆನ್ನು ತಿಕ್ಕುವಾಗ ಚುಚ್ಚುತ್ತದೆಂದು ಆ ಒಂದು ಹೊತ್ತು ಮಾತ್ರ ಬೀಗದ ಕೈಯನ್ನು ಬಿಚ್ಚಿ ಬಚ್ಚಲಿನ ಹೊರಗಿನ ಗೂಡಿನಲ್ಲಿಡುತ್ತಿದ್ದರು. ಇದು ಮನೆಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಅಣ್ಣಯ್ಯ ಹಂಡೆಯ ಒಲೆಗೆ ಸೌದೆ ತುರುಕುತ್ತಿದ್ದ. ಅಮ್ಮ ನೀರು ಹುಯ್ಯುತ್ತಿದ್ದಳು. ಜಗಲಿಯ ಮೇಲೆ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇನು ನೋಡುತ್ತಿದ್ದರು. ಹಾಗಾಗಿ ನನಗೆ ಒಳಗಿನದೇನೂ ಕಾಣಲಿಲ್ಲ, ಕೇಳಿದ್ದು ಮಾತ್ರ. ನೀರು ಹುಯ್ಯುವ ಸದ್ದು ನಿಂತಿತು. “ತಾಳಿ, ಸೀಗೆಪುಡಿ ತರ್ತೀನಿ” ಎಂದು ಅಮ್ಮ ಹೇಳಿದಳು. ಸೀಗೆಪುಡಿ ಇರುತ್ತಿದ್ದುದು ಬಚ್ಚಲಿಗೆ ತಗುಲಿಕೊಂಡ ಅಡುಗೆಮನೆಯ ಮೂಲೆಯಲ್ಲಿ. ಆದರೆ ಯಾರದೋ ಒದ್ದೆ ಕಾಲು ನಡುಮನೆಯ ನೆಲದ ಮೇಲೆ ನಡೆದ ಸದ್ದು ನನಗೆ ಕೇಳಿತು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿದ್ದೂ ಕೇಳಿತು ಎಂದು ಬರೆಯಲು ಕೈ ಹೋಗುತ್ತಿದೆ. ಅದು ಆಮೇಲೆ ಸೇರಿಕೊಂಡದ್ದಿರಬಹುದು. ಒದ್ದೆ ಕಾಲು ಅಮ್ಮನದೇ, ಅಣ್ಣಯ್ಯನದೇ? ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಚೀಟಿಯೊಂದನ್ನು ತಂದು ಮಗನ ಮುಂದೆ ಬಿಚ್ಚಿ ಹಿಡಿಯಲು ಅಕ್ಷರ ಬರಬೇಕಾಗಿಯೂ ಇಲ್ಲ.

ದೀಪ ಹಚ್ಚಿದ ಮೇಲೆ ಅಪ್ಪ ಪೆಟ್ಟಿಗೆ ತೆರೆದರು. ಚೀಟಿಯ ಮಡಿಕೆಯನ್ನು ದೀಪದ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಹಲಗೆಯ ಮುಂದೆ ಹೋಗಿ ಮೂರು ಅಕ್ಷರ ಬರೆದರು: ಜೆ, ಡಿ, ಎಂ. ಪದ್ಧತಿಯಂತೆ ಹಲಗೆಯ ಅಕ್ಷರಗಳನ್ನು ಮೊದಲು ಸ್ಲೇಟಿನ ತಲೆಯ ಮೇಲೆ ಬರೆದು, ಅಡಿಗೆರೆ ಹಾಕಿ, ಕೆಳಗೆ ಪದ ಬರೆಯಬೇಕು. ನಾನು ಬರೆದುಕೊಂಡೆ. ಜೆ ನೋಡಿದ ಕೂಡಲೇ ಬಸಪ್ಪಣ್ಣನ ಟವೆಲ್ಲು ಕಣ್ಣ ಮುಂದೆ ಬಂತು. ಅಡ್ಜರ್ನ್‌ಮೆಂಟ್. ಹನ್ನೊಂದು ಅಕ್ಷರ, ಮೂರೂ ಅದರಲ್ಲಿವೆ. ಬೆನ್ನ ಹಿಂದೆ ಅಣ್ಣಯ್ಯನ ಬಳಪ ಬೇಗ ಬೇಗ ಓಡಿ ನಿಂತಿತು. ಅವನು ತಲೆಯೆತ್ತಿ ಹಲಗೆ ನೋಡಿದನೇ? ಬೆನ್ನಿಗೆ ಬೆನ್ನು ಕೊಟ್ಟು ಕೂತವಳಿಗೆ ಅದು ಕಾಣುವಂತಿರಲಿಲ್ಲ.

ಅಪ್ಪ ನನ್ನ ಪದ ನೋಡಿ ತಲೆದೂಗಿ, “ನಿಂದು?” ಎಂದು ಅಣ್ಣಯ್ಯನ ಕಡೆ ತಿರುಗಿದರು.

“ಫಿಲಾಂತ್ರಪಿ. ಹನ್ನೆರಡು” ಎಂದ ಅಣ್ಣಯ್ಯ.

“ಗೆದ್ದ ಬಿಡು ನನ್ನಪ್ಪ” ಎಂದು ಅತ್ತೆ ಮಣೆಯಿಂದ ಏಳಲು ಹೋದರು. ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನಾನು ನೋಡಬೇಕಿತ್ತು. ನೋಡಿದ್ದು ಅಪ್ಪನ ಮುಖ.

“ಅದರಲ್ಲಿ ಜೆ ಎಲ್ಲಿದೆಯೋ?”

ಅಣ್ಣಯ್ಯ ಸ್ಲೇಟನ್ನು ಎದೆಗೆ ಒತ್ತಿಕೊಂಡ.

“ಡಿ ಎಲ್ಲಿದೆ? ಎಂ ಎಲ್ಲಿದೆ?”

ಆಗ ಅಣ್ಣಯ್ಯ ಸ್ಲೇಟನ್ನು ಅಂಗೈಯಿಂದ ಒರೆಸಿದ. ಅಪ್ಪ ಕೈ ಚಾಚುವುದರೊಳಗೆ ಸ್ಲೇಟು ಬರಿದಾಗಿತ್ತು. ಅಪ್ಪ ಜೇಬಿನಿಂದ ಚೀಟಿ ತೆಗೆದು ಅವನ ಮುಂದೆ ನೆಲದ ಮೇಲೆ ಬಿಚ್ಚಿಟ್ಟರು. ಅದರ ಮೇಲೆ ಕೆಂಪಕ್ಷರದಲ್ಲಿ ಪಿ, ಎಚ್, ವೈ ಎಂದಿತ್ತು. ಫಿಲಾಂತ್ರಪಿಯಲ್ಲಿ ಆ ಮೂರೂ ಇದ್ದವು.

“ಪೆಟ್ಟಿಗೆ ತೆಗೆದದ್ದು ಯಾರು?”

“ನಾನೇ” ಎಂದ ಅಣ್ಣಯ್ಯ, ಪ್ರಶ್ನೆ ಮುಗಿಯುವ ಮೊದಲೇ.

ಹೊಡೆಯುತ್ತಾರೆಂದು ನಾನು ಕಣ್ಣು ಮುಚ್ಚಿದ್ದೆ. ಅಪ್ಪ ಹೊಡೆಯಲಿಲ್ಲ. ಹಲಗೆ ಒರೆಸಿ, “ವಿಶಾಲು ಹೋಗ್ತಾಳೆ. ಊಟಕ್ಕೆ ಏಳಿ” ಎಂದರು. ಆ ದಿನ ಮೊದಲ ಪಂಕ್ತಿಯಲ್ಲಿ ಅಪ್ಪನ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ನಾನು. ಅಮ್ಮ ನನ್ನ ಎಲೆಗೆ ತುಪ್ಪ ಬಡಿಸಿ, ಮತ್ತೆ ಬಂದು ಮತ್ತೊಮ್ಮೆ ಬಡಿಸಿದಳು. ಮರೆತು ಬಡಿಸಿದಳೋ ಬೇಕೆಂದೇ ಬಡಿಸಿದಳೋ ತಿಳಿಯಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಅವಳು ಅಪ್ಪನಿಗೆ ಹೇಳಿದ ಒಂದು ಮಾತು ನನಗೆ ಚೆನ್ನಾಗಿ ನೆನಪಿದೆ, ಅಥವಾ ಹಾಗೆಂದು ನಂಬಿದ್ದೇನೆ.

“ಬೇರೆಯೋರು ದೇವ್ರನ್ನ ಕೇಳ್ತಾರೆ. ನೀವು ಮಗನ್ನ ಕಳ್ಳ ಅಂತ ಹಿಡಿಯೋಕೆ ಬಲೆ ಹಾಕ್ಕೊಂಡು ಕೂತ್ರಿ.”

ಆ ಮನೆಯಲ್ಲಿ ಹಲಗೆಯ ಆಟ ಅಲ್ಲಿಗೆ ನಿಂತಿತು.

ಕಡೂರಿನಲ್ಲಿ ನಾನು ಕಾಯಿ ತುರಿದದ್ದು ನಿಜ. ಆ ಮನೆಯಲ್ಲಿ ಮಂಚದ ಕೆಳಗೆ, ಮೆಟ್ಟಿಲ ಕೆಳಗೆ, ನಾನು ಓದುವ ಮೇಜಿನ ಕೆಳಗೂ ತೆಂಗಿನಕಾಯಿ. ಅಮ್ಮನ ಅನುಮಾನ ಸುಳ್ಳಾಗಲಿಲ್ಲ. ಆದರೆ ಪರೀಕ್ಷೆಯ ದಿನಗಳಲ್ಲಿ ಅತ್ತೆಯೇ ಈಳಿಗೆಮಣೆ ನನ್ನ ಕೈಯಿಂದ ಕಿತ್ತುಕೊಂಡು, “ಹೋಗೇ, ಓದ್ಕೋ ಹೋಗು, ನಿಮ್ಮಮ್ಮ ನನ್ನ ಮೇಲೆ ದೂರು ಹೇಳ್ತಾಳೆ” ಎನ್ನುತ್ತಿದ್ದರು. ಪೇಟೆಯಲ್ಲಿ, ಸ್ಟೇಷನ್ನಿನಲ್ಲಿ ಉದ್ದದ ಇಂಗ್ಲಿಷ್ ಪದ ಕಂಡರೆ ಈಗಲೂ ಅಕ್ಷರ ಎಣಿಸುವ ಅಭ್ಯಾಸ ನನಗೆ ಗಟ್ಟಿಯಾದದ್ದು ಅಲ್ಲಿಯೇ. ಗೆದ್ದು ಬಂದವಳು ಎಂಬ ಜಂಬವೂ ಅಲ್ಲಿಯೇ ಬೆಳೆಯಿತು. ಒಂದು ದಿನ ಅತ್ತೆ ಹೂ ಕಟ್ಟುತ್ತಾ, ತಮ್ಮ ಪಾಡಿಗೆ ತಾವು ಹೇಳಿದರು.

“ಯುಗಾದಿಗೆ ಬಂದಾಗ್ಲೇ ನಿಮ್ಮಪ್ಪ ಹೇಳಿದ್ನಲ್ಲೇ, ಅಕ್ಕಾ, ಹುಡುಗೀನ ಕಳಿಸ್ತೀನಿ, ಅದಕ್ಕೆ ತಲೆ ಇದೆ ಅಂತ.”

ಯುಗಾದಿ ಎಂದರೆ ಆ ಶನಿವಾರಕ್ಕಿಂತ ಎಷ್ಟೋ ಮೊದಲು. ನಾನು ಮತ್ತೆ ಕೇಳಿದಾಗ ಅತ್ತೆ, “ಹಾಗಂದ್ನಾ? ನಂಗೆಲ್ಲಿ ನೆನಪಿರುತ್ತೆ” ಎಂದರು. ಅವರು ಮಾತಿಗೆ ಮಾತು ಪೋಣಿಸುವವರು, ಅವರ ಮಾತನ್ನು ಪೂರ್ತಿ ನಂಬುವಂತಿಲ್ಲ. ಪೂರ್ತಿ ಬಿಡುವಂತೆಯೂ ಇಲ್ಲ. ಪೆಟ್ಟಿಗೆ ಕಲಕಿದ್ದು ಕಂಡು ಅಪ್ಪ ಅಕ್ಷರ ಬದಲಿಸಿದ್ದು ಸರಿ. ಆದರೆ ಇಪ್ಪತ್ತಾರರಲ್ಲಿ ಆ ಮೂರನ್ನೇ ಏಕೆ ಆರಿಸಿದರು? ಆ ಮೂರೂ ಇರುವ ಒಂದು ಪದ ನನ್ನ ಬಳಿ ಇದೆಯೆಂದು ಅವರಿಗೆ ಗೊತ್ತಿತ್ತು, ಅವರೇ ಬರೆದುಕೊಟ್ಟಿದ್ದರು. ಬಲಗಡೆಯ ಹೂವನ್ನು ಒಣಗಿಸಿಟ್ಟ ಪೂಜಾರಿ ನಮ್ಮ ಮನೆಯಲ್ಲೇ ಇದ್ದರೆ, ನಾನು ಗೆದ್ದದ್ದಾದರೂ ಏನನ್ನು? ಮುಂದೆ ಸ್ಕಾಲರ್‌ಷಿಪ್ ಬಂದಾಗ, ಕೆಲಸ ಸಿಕ್ಕಾಗ, ಯಾರಾದರೂ ಹೊಗಳಿದಾಗ, ಇದರ ಹಿಂದೆ ಯಾರ ಕೈ ಇದೆ ಎಂದು ಮೊದಲು ಹುಡುಕುವವಳು ನಾನಾದೆ. ಅಪ್ಪ ಬದುಕಿದ್ದಷ್ಟು ದಿನ ಕೇಳುವ ಧೈರ್ಯ ಬರಲಿಲ್ಲ. ಹೌದು ಎಂದುಬಿಟ್ಟರೆ ಎಂಬ ಭಯ.

ಅಣ್ಣಯ್ಯ ತರೀಕೆರೆಗೆ ಹೋದ. ಮೊದಲು ಪರರ ಗಿರಣಿಯಲ್ಲಿ ಇದ್ದು, ಆಮೇಲೆ ತನ್ನದೇ ಒಂದು ಹಿಟ್ಟಿನ ಗಿರಣಿ ಹಾಕಿದ. ಬಹಳ ಕಾಲ ನಾನು ಅವನನ್ನು ಸಿಕ್ಕಿಬಿದ್ದ ಕಳ್ಳನೆಂದೇ ತಿಳಿದಿದ್ದೆ, ಅವನ ಮೇಲೆ ಒಂದು ಬಗೆಯ ಕನಿಕರವೂ ಇತ್ತು. ನನ್ನ ಮಕ್ಕಳು ಸ್ಲೇಟು ಹಿಡಿಯುವ ವಯಸ್ಸಿಗೆ ಬಂದ ಮೇಲೆ ಬೇರೆ ಅನುಮಾನ ತಲೆ ಹೊಕ್ಕಿತು. ಪ್ರತಿ ಸಂಜೆ ಹಲಗೆ ನೋಡಿ ಅಕ್ಷರ ಇಳಿಸಿಕೊಳ್ಳುತ್ತಿದ್ದ ಹುಡುಗ ಆ ಒಂದು ಸಂಜೆ ಮಾತ್ರ ಹಲಗೆ ನೋಡದೆ ಬರೆಯುವುದುಂಟೇ? ಖಾತ್ರಿಯಿಂದ ಕುರುಡಾಗಿದ್ದ ಎನ್ನಬಹುದು. ಹನ್ನೆರಡು ಅಕ್ಷರ ಕೈಯಲ್ಲಿರುವವನು ಹಲಗೆಯನ್ನೇಕೆ ನೋಡಿಯಾನು. ಆದರೆ ನೋಡಿಯೂ ಆ ಪದವನ್ನೇ ಹೇಳಿದ್ದರೆ? ಪೆಟ್ಟಿಗೆ ತೆರೆದಿರುವುದು ಅಪ್ಪನಿಗೆ ತಿಳಿದುಹೋಗಿದೆ, ಈಗ ಅಮ್ಮನನ್ನು ಕೇಳುತ್ತಾರೆ ಎಂದು ಅವನಿಗೆ ಹೊಳೆದಿದ್ದರೆ? ಅಥವಾ ನಾನು ಹೋಗಲಿ ಎಂದೇ? ಇಷ್ಟೆಲ್ಲ ಒಳ್ಳೆಯತನವನ್ನು ಅವನ ಮೇಲೆ ಹೊರಿಸುವುದೂ ನನ್ನ ಅನುಮಾನದ ಇನ್ನೊಂದು ರೂಪವೇ ಇರಬಹುದು.

ಈಚೆಗೆ ತರೀಕೆರೆಗೆ ಹೋಗಿದ್ದೆ. ಅಣ್ಣಯ್ಯ ಗಿರಣಿಯಲ್ಲೇ ಸಿಕ್ಕಿದ. ಹುಬ್ಬಿನ ಮೇಲೆಲ್ಲ ರಾಗಿಹಿಟ್ಟು.

“ಏನೇ ವಿಶಾಲು, ಬರವಣಿಗೆಗೆ ಸಾಕ್ಷಿ ಬೇಕಿತ್ತಾ?”

ದೀಪದ ಗೂಡು ಯಾವ ಗೋಡೆಯಲ್ಲಿತ್ತೆಂದು ಹೇಳಿದ. ಬಸಪ್ಪಣ್ಣನ ಕೇಸು ಕೊನೆಗೂ ತೀರ್ಮಾನವಾಯಿತೆಂದು, ಅಷ್ಟು ಹೊತ್ತಿಗೆ ಅವನ ದಾಯಾದಿಗಳ ತಂಗಿಯ ಮಗಳನ್ನೇ ಬಸಪ್ಪಣ್ಣನ ಮಗ ಮದುವೆಯಾಗಿದ್ದನೆಂದು ಹೇಳಿ ನಕ್ಕ. ಒದ್ದೆ ಕಾಲಿನ ಬಗ್ಗೆ ಕೇಳಿದೆ. “ಅಮ್ಮನ್ನ ಯಾಕೆ ಎಳೀತೀಯ ಬಿಡು, ಹೋದೋಳು” ಎಂದ. ಸ್ಲೇಟಿನ ತಲೆಯ ಮೇಲೆ ಜೆ, ಡಿ, ಎಂ ಇದ್ದಿದ್ದರೆ ಅವನು ಹಲಗೆ ನೋಡಿ, ಬೇಕೆಂದೇ ಸೋತಿದ್ದ. ಪಿ, ಎಚ್, ವೈ ಇದ್ದಿದ್ದರೆ ಸುಮ್ಮನೆ ಸಿಕ್ಕಿಬಿದ್ದಿದ್ದ. ಅದನ್ನು ತಿಳಿದವನು ಅವನೊಬ್ಬನೇ. ಕೇಳಿದೆ. ಅವನು ಕಲ್ಲಿನಿಂದ ಉದುರುತ್ತಿದ್ದ ಹಿಟ್ಟನ್ನು ಎರಡು ಬೆರಳಲ್ಲಿ ಹಿಡಿದು ನುಣುಪು ನೋಡಿದ, ಚೀಲ ಹಿಡಿದು ನಿಂತಿದ್ದ ಹೆಂಗಸಿಗೆ “ಇನ್ನೊಂದ್ಸಲ ಹಾಕ್ಲೇನವ್ವಾ?” ಎಂದ, ಬೆಲ್ಟನ್ನು ಸರಿಸಿದ. ಮೋಟಾರಿನ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಹತ್ತಿರ ಹೋಗಿ, ಕಿವಿಯ ಬಳಿ ಬಗ್ಗಿ ಮತ್ತೆ ಕೇಳಿದೆ.

“ಅಣ್ಣಯ್ಯ, ಅವತ್ತು ಸ್ಲೇಟಿನ ತಲೆ ಮೇಲೆ ನೀನು ಯಾವ ಅಕ್ಷರ ಬರ್ಕೊಂಡಿದ್ದೆ?”